ಕೇವಲ ಐವತ್ತೊಂಬತ್ತು

ಗಾಲ್ಫ್ ಮೈದಾನವನ್ನು ನಾನು ಈವರೆಗೆ ಕಣ್ಣಾರೆ ಕಂಡಿಲ್ಲ. ಆ ಕೋಲನ್ನು ಮುಟ್ಟಿಲ್ಲ. ಆ ಬಿಳಿ ಚೆಂಡನ್ನು ಒಮ್ಮೆ ಹೈದರಾಬಾದಿನ ಅಂಗಡಿಯೊಂದರ ಗಾಜಿನ ಹಿಂದೆ ನೋಡಿದ್ದೆ, ಅದೂ ಬಸ್ಸಿಗೆ ಓಡುವ ಅವಸರದಲ್ಲಿ. ಆದರೂ ಆ ಆಟದ ಒಂದು ದಾಖಲೆಗಾಗಿ ಊರಿನ ಗಂಡಸರನ್ನೆಲ್ಲ ಎದುರು ಹಾಕಿಕೊಂಡು ಗೆದ್ದವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ನನ್ನ ಬದುಕಿನಲ್ಲಿ ಗೆದ್ದ ಸಂಗತಿಗಳು ರಾಶಿಗಟ್ಟಲೆ ಇಲ್ಲ, ಇರುವ ಒಂದನ್ನು ತಗ್ಗಿದ ದನಿಯಲ್ಲಿ ಯಾಕೆ ಹೇಳಲಿ?

ನಮ್ಮದು ಅಫಜಲಪುರ ತಾಲೂಕಿನ ಕರಜಗಿ. ಇದು ಎಪ್ಪತ್ತರ ದಶಕದ ಕೊನೆಯ ವರ್ಷಗಳ ಮಾತು. ಊರಿನ ನಡುವೆ ಒಂದು ವಾಚನಾಲಯವಿತ್ತು. ಹೆಸರಿಗೆ ವಾಚನಾಲಯ, ಇದ್ದದ್ದು ಒಂದೇ ಕೋಣೆ, ಎರಡು ಬೆಂಚು, ಕುಂಟುವ ಒಂದು ಮೇಜು. ಆದರೆ ಅದರ ಹೊರಗೋಡೆಯ ಮೇಲೆ ಅಗಲವಾದ ಕರಿಹಲಗೆ ಇತ್ತು. ಅಫಜಲಪುರದ ಬಸ್ಸಿನಲ್ಲಿ ಹಿಂದಿನ ದಿನದ ಪತ್ರಿಕೆಗಳು ಬರುತ್ತಿದ್ದವು, ಒಂದು ಕನ್ನಡದ್ದು, ಒಂದು ಇಂಗ್ಲಿಷಿನದು. ಅವನ್ನು ಓದಿ ಆರೇಳು ಸುದ್ದಿಗಳನ್ನು ದಪ್ಪ ಅಕ್ಷರಗಳಲ್ಲಿ ಹಲಗೆಯ ಮೇಲೆ ಬರೆಯುವುದು ಊರಿನ ಪದ್ಧತಿ. ಹೊಲದಿಂದ ಬರುವವರು ಅಲ್ಲಿ ನಿಂತು ಓದಿ ಮುಂದೆ ಹೋಗುತ್ತಿದ್ದರು. ಓದು ಬಾರದವರು ಪಕ್ಕದವರಿಂದ ಓದಿಸಿಕೊಳ್ಳುತ್ತಿದ್ದರು. ಹಲಗೆಯ ಮೇಲೆ ಬಂದರೆ ಅದು ಖರೆ. ಬರದಿದ್ದರೆ ಜಗತ್ತಿನಲ್ಲಿ ಅದು ನಡೆದೇ ಇಲ್ಲ.

ಎಷ್ಟೋ ವರ್ಷ ಹಲಗೆ ಬರೆದವರು ನಿವೃತ್ತರಾದ ಒಬ್ಬ ಮಾಸ್ತರು. ಅವರ ಕೈ ನಡುಗಲು ಶುರುವಾದಾಗ ಸೀಮೆಸುಣ್ಣವನ್ನು ನನ್ನ ಕೈಗೆ ಕೊಟ್ಟರು. ನಾನು ಆಗ ಪಿಯುಸಿ ಮುಗಿಸಿ ಮನೆಯಲ್ಲಿದ್ದೆ. ಮುಂದೆ ಓದಿಸುವ ಮಾತು ನಿಂತಿತ್ತು, ಮದುವೆಯ ಮಾತು ಇನ್ನೂ ಗಟ್ಟಿಯಾಗಿರಲಿಲ್ಲ. ಹುಡುಗಿಯೊಬ್ಬಳು ದಾರಿಗೆ ಬೆನ್ನು ಮಾಡಿ ನಿಂತು ಊರಿಗೆಲ್ಲ ಸುದ್ದಿ ಬರೆಯುವುದೆಂದರೆ ಕೆಲವರಿಗೆ ಹೊಟ್ಟೆಯಲ್ಲಿ ಖಾರ ಕಲೆಸಿದ ಹಾಗಾಯಿತು. ಅವರೆಲ್ಲ ನೇರವಾಗಿ ನನ್ನ ದೊಡ್ಡಪ್ಪನ ಹತ್ತಿರ ಹೋದರು.

ದೊಡ್ಡಪ್ಪ ಎಂದರೆ ನಮ್ಮಪ್ಪನ ಅಣ್ಣ, ವಾಚನಾಲಯದ ಅಧ್ಯಕ್ಷ. ನಿಜಾಮರ ಕಾಲದಲ್ಲಿ ಉರ್ದು ಓದಿ ತಹಶೀಲ್ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು. ಹಣೆಗೆ ಮೂರು ಬೆರಳಿನ ವಿಭೂತಿ, ತಲೆಗೆ ಬಿಳಿ ಟೊಪ್ಪಿಗೆ, ಹೆಗಲಿಗೆ ಒಂದು ಟವೆಲ್ಲು. ಕಾಗದದ ಮೇಲಿನ ತಪ್ಪನ್ನು ಮಾರುದೂರದಿಂದ ಹಿಡಿಯುತ್ತೇನೆಂಬ ಹೆಮ್ಮೆ ಅವನಿಗೆ ಬಹಳ. ಅವನು ನನ್ನನ್ನು ಕರೆಸಿ ಹೇಳಿದ:

"ಬರಿ ಯವ್ವಾ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಹಲಗಿ ಮ್ಯಾಲ ಒಂದೇ ಒಂದು ಗಲತ್ ಬಂತು ಅಂದ್ರ, ಅವತ್ತೇ ಖಡು ಕೆಳಗಿಡಬೇಕು."

ಗಲತ್ ಎಂದರೆ ತಪ್ಪು, ಖಡು ಎಂದರೆ ನಮ್ಮ ಕಡೆ ಸೀಮೆಸುಣ್ಣ. ನಾನು ಹೂಂ ಎಂದೆ. ಮಾಸ್ತರಿಂದ ಎಷ್ಟೋ ತಪ್ಪುಗಳಾಗಿದ್ದವು. ಒಮ್ಮೆ ಬದುಕಿದ್ದ ಮಂತ್ರಿಯನ್ನೇ ಅವರು ಸಾಯಿಸಿದ್ದರು. ಆಗ ಯಾರೂ ಖಡು ಕೆಳಗಿಡು ಎಂದಿರಲಿಲ್ಲ. ಅದನ್ನು ದೊಡ್ಡಪ್ಪನಿಗೆ ಹೇಳುವ ಧೈರ್ಯ ಆಗ ನನಗಿರಲಿಲ್ಲ. ಈಗ ಬರೆಯುತ್ತಿದ್ದೇನೆ.

ಹೀಗೆ ಒಂದು ವರ್ಷದ ಹತ್ತಿರ ತಪ್ಪಿಲ್ಲದೆ ಬರೆದೆ. ಆ ಹಲಗೆಯಿಂದ ನನಗೆ ಸಿಕ್ಕಿದ್ದು ಏನೆಂದು ಹೇಳಿಬಿಡುತ್ತೇನೆ. ಬೆಳಿಗ್ಗೆ ಎದ್ದರೆ ನನಗಾಗಿ ಒಂದು ಕೆಲಸ ಕಾಯುತ್ತಿದೆ ಎನ್ನುವ ಸುಖ. ನಾನು ಬರೆದದ್ದನ್ನು ಊರು ಓದುತ್ತದೆ ಎನ್ನುವ ಗತ್ತು. ಸೀಮೆಸುಣ್ಣ ಹೋದರೆ ನನಗೆ ಉಳಿಯುವುದು ಒಲೆ ಮತ್ತು ಗಂಡಿನ ಕಡೆಯವರ ದಾರಿ ಕಾಯುವುದು, ಅಷ್ಟೆ. ಇದು ನನಗೂ ಗೊತ್ತಿತ್ತು, ನನ್ನ ಅವ್ವನಿಗೂ ಗೊತ್ತಿತ್ತು.

ಮುಂಗಾರು ಇನ್ನೂ ಬಿದ್ದಿರದ ದಿನಗಳು. ಒಂದು ಬೆಳಿಗ್ಗೆ ಇಂಗ್ಲಿಷ್ ಪತ್ರಿಕೆಯ ಆಟದ ಪುಟದ ಮೂಲೆಯಲ್ಲಿ ನಾಲ್ಕು ಸಾಲಿನ ಒಂದು ಸುದ್ದಿ ಕಣ್ಣಿಗೆ ಬಿತ್ತು. ನಾನು ಅದನ್ನು ಹಲಗೆಗೆ ಇಳಿಸಿದೆ: "ಗಾಲ್ಫ್ ಆಟದಲ್ಲಿ ಹೊಸ ದಾಖಲೆ. ಅಮೆರಿಕದ ವೃತ್ತಿಪರ ಸ್ಪರ್ಧೆಯೊಂದರಲ್ಲಿ ಆಟಗಾರನೊಬ್ಬ ಹದಿನೆಂಟು ಕುಳಿಗಳನ್ನು ಕೇವಲ ಐವತ್ತೊಂಬತ್ತು ಹೊಡೆತಗಳಲ್ಲಿ ಮುಗಿಸಿದ. ಅಲ್ಲಿ ಇದುವರೆಗೆ ಯಾರೂ ಅರವತ್ತರ ಕೆಳಗೆ ಇಳಿದಿರಲಿಲ್ಲ."

ಮಧ್ಯಾಹ್ನದ ಹೊತ್ತಿಗೆ ಹಲಗೆಯ ಮುಂದೆ ಇಪ್ಪತ್ತು ಜನ ಸೇರಿದ್ದರು. ಮುಂದೆ ನಿಂತವನು ಗರಡಿಯ ಪೈಲ್ವಾನ. ಚಿನ್ನಿದಾಂಡಿನಲ್ಲಿ ಅವನು ಹೊಡೆದ ಚಿನ್ನಿ ಹುಡುಕಲು ಜನ ಕಳಿಸಬೇಕಾಗುತ್ತಿತ್ತು. ಅವನು ನಗುತ್ತಿದ್ದ. ಅವನ ಪಕ್ಕ ದೊಡ್ಡಪ್ಪ. ಅವನು ನಗುತ್ತಿರಲಿಲ್ಲ.

"ಏನಬೇ ಇದು? ಐವತ್ತೊಂಬತ್ತು ಅಂದ್ರ ಫಸ್ಟ್ ಕ್ಲಾಸೂ ಅಲ್ಲ. ಇದ್ಯಾವ ದಾಖಲಿ?"

"ದೊಡ್ಡಪ್ಪ, ಆ ಆಟದಾಗ ಕಡಿಮಿ ಹೊಡದವರೇ ಗೆಲ್ತಾರ್ರಿ."

"ಕಡಿಮಿ ಮಾಡಿದವ ಗೆಲ್ಲೂದು ಯಾವ ಲೋಕದಾಗ ಅದ? ಚಿನ್ನಿದಾಂಡಿನಾಗ ಜಾಸ್ತಿ ಮಾಡಿದವ ಗೆಲ್ತಾನ. ಪರೀಕ್ಷಾದಾಗ ಜಾಸ್ತಿ ತಗೊಂಡವ ಪಾಸಾಗ್ತಾನ. ನೀ ಇಂಗ್ಲಿಷ್ ಉಲ್ಟಾ ಓದೀದಿ."

ಜನ ಗೊಳ್ಳೆಂದು ನಕ್ಕರು. ದೊಡ್ಡಪ್ಪ ಹೆಗಲ ಮೇಲಿನ ಟವೆಲ್ಲನ್ನು ಕುಡಿಯುವ ನೀರಿನ ಕೊಡದಲ್ಲಿ ಅದ್ದಿ ನನ್ನ ಮೂರು ಸಾಲುಗಳನ್ನು ಒರೆಸಿಬಿಟ್ಟ. ಉಳಿದ ಸುದ್ದಿಗಳ ನಡುವೆ ಒದ್ದೆಯಾದ ಕಪ್ಪು ಪಟ್ಟಿ ಹೊಳೆಯುತ್ತಿತ್ತು. ಆಮೇಲೆ ಅವನು ಕೈ ಚಾಚಿದ.

"ಖಡು ಕೆಳಗಿಡು."

ನನಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು. ಎಷ್ಟು ಸಿಟ್ಟೆಂದರೆ, ಸೀಮೆಸುಣ್ಣ ಹಿಡಿದ ಮುಷ್ಟಿಯನ್ನು ನಾನು ಸೆರಗಿನೊಳಗೆ ಮುಚ್ಚಿಟ್ಟುಕೊಂಡೆ.

"ಇಡಂಗಿಲ್ರಿ. ಸೋಮವಾರ ಗಾಯರಾಣಕ್ಕ ಬರ್ರಿ. ಆ ಆಟ ಆಡಿ ತೋರಸ್ತೇನಿ. ನಾ ಬರದದ್ದು ಗಲತ್ ಅಂತ ಅವತ್ತು ಗೊತ್ತಾದ್ರ, ನಿಮ್ಮ ಕೈಯಾಗೇ ಕೊಡ್ತೇನಿ."

ದೊಡ್ಡಪ್ಪನಿಗೆ ಅಡ್ಡ ಮಾತಾಡಿದ ಹುಡುಗಿ ನಮ್ಮ ಮನೆತನದಲ್ಲಿ ಅಲ್ಲಿಯವರೆಗೆ ಹುಟ್ಟಿರಲಿಲ್ಲ. ಬೆಂಚಿನ ಮೇಲೆ ಕೂತಿದ್ದ ಮಾಸ್ತರು ಎದ್ದು ಬಂದು, ಸೋಮವಾರದ ತನಕ ಖಡು ತಮ್ಮ ಹತ್ತಿರ ಇರಲಿ ಎಂದು ಕೈ ಒಡ್ಡಿದರು. ನಾನು ಅವರಿಗೆ ಕೊಟ್ಟೆ.

ಸೋಮವಾರವೇ ಏಕೆಂದರೆ, ಆ ದಿನ ನಮ್ಮ ಕಡೆ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ದಿನ. ಎತ್ತಿಗೆ ಬಿಡುವಾದರೆ ಎತ್ತಿನ ಹಿಂದೆ ನಡೆಯುವವನಿಗೂ ಬಿಡುವು. ಊರಿನ ಎಲ್ಲ ಗಂಡಸರು ಒಟ್ಟಿಗೆ ಕೈಗೆ ಸಿಗುವ ದಿನ ಅದೊಂದೇ. ಗಾಯರಾಣ ಎಂದರೆ ಊರ ದನ ಮೇಯಲು ಬಿಟ್ಟ ಹಾಳು ಬಯಲು.

ಸವಾಲೇನೋ ಹಾಕಿದ್ದೆ, ಆದರೆ ಆ ಆಟ ಹೇಗೆ ಆಡುತ್ತಾರೆಂದು ನನಗೆ ಗೊತ್ತಿರಲಿಲ್ಲ. ಮಾರನೆಯ ದಿನ ಮಾಸ್ತರ ಹತ್ತಿರ ಓಡಿದೆ. ಅವರು ಹಿಂದೆ ತರಬೇತಿಗೆಂದು ಹೈದರಾಬಾದಿನಲ್ಲಿದ್ದಾಗ, ಸಿಕಂದರಾಬಾದಿನ ಒಂದು ಗೋಡೆಯಾಚೆಯಿಂದ ಮಿಲಿಟರಿ ಸಾಹೇಬರು ಈ ಆಟ ಆಡುವುದನ್ನು ನೋಡಿದ್ದರಂತೆ. ಒಂದು ಕಡೆ ಚೆಂಡು ಇಡುವುದು, ದೂರದ ಕುಳಿಗೆ ಅದನ್ನು ಹೊಡೆಯುತ್ತ ಹೋಗಿ ಕೆಡವುವುದು, ಅಲ್ಲಿಂದ ಮುಂದಿನ ಕುಳಿಗೆ. ಅಷ್ಟೇ.

"ಆ ಸಾಹೇಬ್ರು ಗೆದ್ದವರು ಯಾರು ಅಂತ ಹ್ಯಾಂಗ ಹೇಳ್ತಿದ್ರು ರೀ?" ಎಂದು ಕೇಳಿದೆ.

"ಅದು ಗೋಡಿ ಈಚೆ ಕೇಳಸ್ತಿರಲಿಲ್ಲ ಯವ್ವಾ," ಎಂದರು ಮಾಸ್ತರು.

ಹದಿನೆಂಟು ಕುಳಿ ತೋಡಲು ಯಾರಿಗೆ ಪುರಸತ್ತು? ಐದು ತೋಡಿದೆವು, ತಂಬಿಗೆ ಕೂರುವಷ್ಟು ಅಗಲ. ಪ್ರತಿ ಕುಳಿಯ ಪಕ್ಕ ಒಂದು ಜೋಳದ ದಂಟು ನೆಟ್ಟು ತುದಿಗೆ ಬಟ್ಟೆ ಕಟ್ಟಿದೆವು. ಮೂರನೆಯ ಕುಳಿ ಬತ್ತಿದ ಹಳ್ಳದ ಆಚೆ ದಂಡೆಯಲ್ಲಿತ್ತು, ಐದನೆಯದು ಬೇವಿನ ಮರದ ಬುಡದಲ್ಲಿ. ಕೋಲಿಗೆ ತುದಿ ಬಾಗಿದ ಜಾಲಿಯ ಬಡಿಗೆಗಳು. ಚೆಂಡು ಅವ್ವ ಹೊಲಿದಳು. ಹಳೆಯ ಕೌದಿಯ ಚಿಂದಿಗಳನ್ನು ಗಟ್ಟಿಯಾಗಿ ಸುತ್ತಿ, ಮೇಲೆ ಒಂದಕ್ಕೆ ಕೆಂಪು, ಒಂದಕ್ಕೆ ಹಸಿರು ಬಟ್ಟೆ. ಹೊಲಿಯುತ್ತ ಅವಳು ಒಂದೇ ಮಾತು ಹೇಳಿದಳು: "ಸೋತ್ರ ಅಳಬ್ಯಾಡ. ಗೆದ್ರ ಹಲ್ಲು ಕಿಸಿಬ್ಯಾಡ." ಎರಡನೆಯದನ್ನು ನನ್ನಿಂದ ಪಾಲಿಸಲಾಗಲಿಲ್ಲ.

ಸೋಮವಾರ ಬಿಸಿಲೇರುವ ಮೊದಲೇ ಗಾಯರಾಣ ತುಂಬಿತ್ತು. ಆಡುವವರು ಇಬ್ಬರು, ಪೈಲ್ವಾನ ಮತ್ತು ದೊಡ್ಡಪ್ಪ. ಬೇರೆಯವರನ್ನು ಆಡಿಸಿದರೆ ನಾನು ಮೊದಲೇ ಹೇಳಿಕೊಟ್ಟಿರುತ್ತೇನೆ ಎಂದು ದೊಡ್ಡಪ್ಪನಿಗೆ ಅನುಮಾನ, ಹಾಗಾಗಿ ತಾನೇ ಬಡಿಗೆ ಹಿಡಿದಿದ್ದ. ಮಾಸ್ತರು ಪಾಟಿಯ ಮೇಲೆ ಹೊಡೆತಗಳ ಗೀರು ಹಾಕಲು ಕುಳಿತರು. ಶುರುವಾಗುವ ಮೊದಲೇ ತಕರಾರು ಬಂತು. ಕಡಿಮೆ ಹೊಡೆದವನು ಗೆದ್ದ ಎಂಬ ನಿಯಮದಲ್ಲಿ ಆಡಲು ದೊಡ್ಡಪ್ಪ ಸುತಾರಾಂ ಒಪ್ಪಲಿಲ್ಲ.

ಆ ಕ್ಷಣದಲ್ಲಿ ನನಗೆ ಹೇಗೆ ಹೊಳೆಯಿತೋ ತಿಳಿಯದು. "ಆತ್ರಿ ದೊಡ್ಡಪ್ಪ," ಎಂದೆ, "ಮೊದಲ ನಿಮ್ಮಂಗೇ ಆಡ್ರಿ. ಐದೂ ಕುಳಿ ಮುಗಿಸಬೇಕು. ಜಾಸ್ತಿ ಹೊಡೆತ ಹೊಡದವರು ಗೆದ್ದಂಗ."

ಪೈಲ್ವಾನ ಮೊದಲು ಹೊಡೆದ. ಕೆಂಪು ಚೆಂಡು ಹಾರಿ ಮೊದಲ ಕುಳಿಯ ಹತ್ತಿರವೇ ಹೋಗಿ ಬಿತ್ತು. ಜನ ಹೋ ಎಂದರು. ಅವನೂ ಮೀಸೆ ಮುಟ್ಟಿಕೊಂಡ. ಆಮೇಲೆ ಅವನಿಗೆ ಲೆಕ್ಕ ಹೊಳೆಯಿತು. ಈಗ ಕುಳಿಗೆ ಹಾಕಿದರೆ ಎರಡೇ ಹೊಡೆತ! ಅವನು ಚೆಂಡನ್ನು ಹಿಂದಕ್ಕೆ ಹೊಡೆದ. ಮತ್ತೆ ಮುಂದಕ್ಕೆ, ಮತ್ತೆ ಹಿಂದಕ್ಕೆ. ಅದನ್ನು ಕಂಡು ದೊಡ್ಡಪ್ಪ ಹಸಿರು ಚೆಂಡನ್ನು ಮುಂದಕ್ಕೆ ಒಯ್ಯುವ ಗೋಜಿಗೇ ಹೋಗಲಿಲ್ಲ. ನಿಂತಲ್ಲೇ ಟಕ್ ಟಕ್ ಎಂದು ತಟ್ಟತೊಡಗಿದ. ಪೈಲ್ವಾನ ಕುಕ್ಕರುಗಾಲಲ್ಲಿ ಕೂತು ಬಡಿಗೆಯನ್ನು ಅರ್ಧಕ್ಕೆ ಹಿಡಿದು ಇನ್ನೂ ಬೇಗ ತಟ್ಟಿದ. ಮಾಸ್ತರ ಪಾಟಿ ಗೀರುಗಳಿಂದ ತುಂಬಿ, ಒರೆಸಿ, ಮತ್ತೆ ತುಂಬಿತು.

ಬಿಸಿಲು ನೆತ್ತಿಗೆ ಬಂತು. ದೊಡ್ಡಪ್ಪನ ಟೊಪ್ಪಿಗೆ ಬೆವರಿನಲ್ಲಿ ತೊಯ್ದು ವಿಭೂತಿ ಕರಗಿ ಮೂಗಿನ ಮೇಲೆ ಇಳಿದಿತ್ತು. ಪೈಲ್ವಾನ ಇನ್ನೂರು ದಾಟಿದ್ದ. ಇಬ್ಬರ ಚೆಂಡೂ ಇನ್ನೂ ಮೊದಲ ಕುಳಿಗೆ ಬಿದ್ದಿರಲಿಲ್ಲ. ಮೊದಮೊದಲು ಹೊಟ್ಟೆ ಹುಣ್ಣಾಗುವಂತೆ ನಕ್ಕ ಜನ ಈಗ ಆಕಳಿಸುತ್ತಿದ್ದರು. ಪೈಲ್ವಾನನ ಅವ್ವ ಬಂದು ಸೊಂಟದ ಮೇಲೆ ಕೈ ಇಟ್ಟು ನಿಂತಳು.

"ಲೇ, ರೊಟ್ಟಿ ಆರಿ ಕಲ್ಲಾಗ್ಯಾವ. ಯಾವಾಗ ಮುಗೀತದ ನಿಮ್ಮ ಆಟ?"

ನಾನೇ ಉತ್ತರ ಕೊಟ್ಟೆ.

"ಇಬ್ಬರೊಳಗ ಒಬ್ಬರು ಸೋಲಾಕ ಒಪ್ಪಿದಾಗ ಮುಗೀತದ, ಆಯಿ."

ದೊಡ್ಡಪ್ಪನ ಬಡಿಗೆ ನಿಂತಿತು. ಅವನು ನನ್ನನ್ನು ನೋಡಿದ, ಕುಳಿಯನ್ನು ನೋಡಿದ, ಮಾಸ್ತರ ಪಾಟಿಯನ್ನು ನೋಡಿದ. ಕಚೇರಿಯಲ್ಲಿ ಯಾವುದೋ ಹಳೆಯ ದಫ್ತರಿನಲ್ಲಿ ತನ್ನದೇ ಕೈಬರಹದ ತಪ್ಪು ಸಿಕ್ಕಾಗ ಅವನ ಮುಖ ಹೀಗೇ ಆಗುತ್ತಿತ್ತೇನೋ. ಟವೆಲ್ಲಿನಿಂದ ಮುಖ ಒರೆಸಿಕೊಂಡು ಅಂದ:

"ಹಿಂಗ ಆಡಿದ್ರ ನಾವು ಸಾಯೂತನ ಮುಗಿಯಂಗಿಲ್ಲ. ಇದು ಆಟಾನೇ ಅಲ್ಲ."

"ಹೌದ್ರಿ."

"ಅಂದ್ರ, ಕಡಿಮಿ ಹೊಡದವನೇ..." ಅವನು ಪೈಲ್ವಾನನ ಕಡೆ ತಿರುಗಿ, "ಏಳಲೇ ಮ್ಯಾಲ. ಮೊದಲಿಂದ ಆಡೋಣು. ಈ ಸಲ ಹುಡುಗಿ ಹೇಳಿದಂಗ," ಎಂದ.

ಆ ಎರಡನೆಯ ಸುತ್ತನ್ನು ನಾನು ಕಣ್ಣು ಮುಚ್ಚಿದರೆ ಈಗಲೂ ಕಾಣಬಲ್ಲೆ. ಒಂದೊಂದು ಹೊಡೆತಕ್ಕೂ ಬೆಲೆ ಬಂದಿತ್ತು. ಪೈಲ್ವಾನ ತನ್ನ ಅಭ್ಯಾಸದಂತೆ ಬೀಸಿ ಹೊಡೆದ. ಅವನ ಚೆಂಡು ಕುಳಿ ದಾಟಿ, ಜನ ದಾಟಿ ಎಲ್ಲೋ ಹೋಯಿತು. ವಾಪಸು ಹೊಡೆದರೆ ಈ ಕಡೆ ದಾಟಿ ಹೋಯಿತು. ಮೂರನೆಯ ಕುಳಿಗೆ ಹೋಗುವಾಗ ಎರೆಮಣ್ಣಿನ ಒಂದು ಬಿರುಕಿನೊಳಗೆ ಚೆಂಡು ಇಳಿದೇಬಿಟ್ಟಿತು. ಬೇಸಿಗೆಯಲ್ಲಿ ನಮ್ಮ ನೆಲ ಕುರಿಮರಿ ಬೀಳುವಷ್ಟು ಬಾಯಿ ಬಿಡುತ್ತದೆ. ಅವನು ಭುಜದವರೆಗೆ ಕೈ ಇಳಿಸಿ ತಡಕಾಡಿ ತೆಗೆದ. ಕೈಯಿಂದ ತೆಗೆದದ್ದಕ್ಕೆ ಒಂದು ಹೊಡೆತ ಸೇರಿಸಬೇಕೆಂದು ತೀರ್ಪು ಕೊಟ್ಟವನು ಬೇರೆ ಯಾರೂ ಅಲ್ಲ, ದೊಡ್ಡಪ್ಪ!

ದೊಡ್ಡಪ್ಪ ಮಾತ್ರ ಕಾಗದಕ್ಕೆ ಸಹಿ ಹಾಕುವ ನಿಧಾನದಲ್ಲಿ ಆಡಿದ. ಹೊಡೆಯುವ ಮೊದಲು ಕುಳಿಯ ತನಕ ನಡೆದು ಹೋಗಿ ಬಿರುಕುಗಳನ್ನು ನೋಡಿ ಬರುತ್ತಿದ್ದ. ಬಗ್ಗಿ ಕಲ್ಲು ಆಯ್ದು ಎಸೆಯುತ್ತಿದ್ದ. ಅರವತ್ತರ ಹತ್ತಿರದ ಆ ಸಣಕಲು ದೇಹದಲ್ಲಿ ಎಲ್ಲಿತ್ತೋ ಆ ತಾಳ್ಮೆ. ಹಳ್ಳವನ್ನು ಒಂದೇ ಹೊಡೆತದಲ್ಲಿ ದಾಟಿಸಿದಾಗ ಹೆಂಗಸರು ಕೂಡ ಚಪ್ಪಾಳೆ ತಟ್ಟಿದರು. ಬೇವಿನ ಬುಡದ ಕುಳಿಗೆ ಚೆಂಡು ಬಿದ್ದಾಗ ಮಾಸ್ತರು ಎದ್ದು ನಿಂತು ಕೂಗಿದರು: "ಇಪ್ಪತ್ತೊಂದು!" ಪೈಲ್ವಾನನದು ನಲವತ್ತಾರು.

"ಕೇವಲ ಇಪ್ಪತ್ತೊಂದು!" ಎಂದು ದೊಡ್ಡಪ್ಪ ಟೊಪ್ಪಿಗೆ ತೆಗೆದು ಗಾಳಿಗೆ ಎಸೆದ. ಆಮೇಲೆ ಆ ಮಾತು ತನ್ನ ಬಾಯಿಂದಲೇ ಬಂತೆಂದು ತಿಳಿದು ಗಕ್ಕನೆ ನಿಂತ. ಇಡೀ ಗಾಯರಾಣ ನಕ್ಕಿತು. ಅವನೂ ನಕ್ಕ. ನಾನಂತೂ ಅವ್ವ ಎದುರಿಗಿದ್ದರೂ ಮೂವತ್ತೆರಡೂ ಹಲ್ಲು ಕಿಸಿದೆ.

ಅಲ್ಲಿಂದ ನೇರ ವಾಚನಾಲಯಕ್ಕೆ ನಡೆದೆವು, ಊರೆಲ್ಲ ಹಿಂದೆ. ದೊಡ್ಡಪ್ಪ ಮಾಸ್ತರಿಂದ ಸೀಮೆಸುಣ್ಣ ಇಸಿದುಕೊಂಡು ನನ್ನ ಕೈಯಲ್ಲಿಟ್ಟ.

"ನಾ ಒರೆಸಿದ್ದು ತಿರಗಿ ಬರಿ. ಆ 'ಕೇವಲ' ಅನ್ನೂದನ್ನ ಜರಾ ದೊಡ್ಡದು ಬರಿ."

ಬರೆದೆ. ಹಲಗೆಯ ಅರ್ಧಭಾಗ ಆ ಒಂದೇ ಮಾತಿಗೆ ಹೋಯಿತು. ಅದರ ಕೆಳಗೆ ಅವನು ಹೇಳದಿದ್ದರೂ ಇನ್ನೊಂದು ಸಾಲು ಸೇರಿಸಿದೆ: "ಕರಜಗಿ ದಾಖಲೆ: ಐದು ಕುಳಿ, ಕೇವಲ ಇಪ್ಪತ್ತೊಂದು ಹೊಡೆತ." ಅದನ್ನು ಅವನು ಮೂರು ಸಲ ಬಂದು ಓದಿದನೆಂದು ಮಾಸ್ತರು ಆಮೇಲೆ ಹೇಳಿದರು.

ಆ ಬೇಸಿಗೆಯಿಂದ ನಮ್ಮೂರಿನ ಸೋಮವಾರಗಳಿಗೆ ಒಂದು ಕೆಲಸ ಸಿಕ್ಕಿತು. ಮಳೆ ಬಿದ್ದು ಬಯಲು ಕೆಸರಾಗುವ ತನಕ ಆಟ. ಸುಗ್ಗಿ ಮುಗಿದ ಮೇಲೆ ಮತ್ತೆ. ಇಪ್ಪತ್ತೊಂದು ಹತ್ತೊಂಬತ್ತಾಯಿತು, ಹತ್ತೊಂಬತ್ತು ಹದಿನೇಳಾಯಿತು. ಪೈಲ್ವಾನ ಕೈ ಬಿಗಿ ಹಿಡಿಯಲು ಕಲಿತು ಒಂದು ವರ್ಷ ದೊಡ್ಡಪ್ಪನ ದಾಖಲೆ ಮುರಿದ. ದೊಡ್ಡಪ್ಪ ಎರಡು ದಿನ ಊಟ ಬಿಟ್ಟ, ಮೂರನೆಯ ವಾರ ಅದನ್ನು ವಾಪಸು ಪಡೆದ. ಎಲ್ಲವನ್ನೂ ನಾನೇ ಹಲಗೆಗೆ ಬರೆದೆ. ಬರೆಯುತ್ತಲೇ ಮುಂದೆ ಓದಬೇಕೆಂಬ ಹಟ ಹಿಡಿದೆ. ಆಗ ಅಪ್ಪನ ಎದುರು ನನ್ನ ಪರ ನಿಂತವನು ದೊಡ್ಡಪ್ಪ. "ಆಕಿ ಗಲತ್ ಮಾಡಾಕಿ ಅಲ್ಲ" ಎಂದನಂತೆ. ನಾನು ಶಿಕ್ಷಕಿಯಾದೆ. ಜೇವರ್ಗಿಯಲ್ಲಿ ಕೆಲಸ ಸಿಕ್ಕಿತು, ಆಳಂದ ತಾಲೂಕಿನ ಸರಸಂಬಾದ ಮನೆಗೆ ಸೊಸೆಯಾದೆ. ಕಲಿಸಿದ ಪ್ರತಿ ಶಾಲೆಯ ಹೊರಗೋಡೆಗೂ ಒಂದು ಹಲಗೆ ಹಾಕಿಸಿದೆ.

ಎಂಬತ್ತರ ದಶಕದ ನಡುವೆ ಒಮ್ಮೆ, ವಯಸ್ಸಾಯಿತೆಂದು ಎಲ್ಲರೂ ಕೈಬಿಟ್ಟಿದ್ದ ಒಬ್ಬ ಗಾಲ್ಫ್ ಆಟಗಾರ ಮತ್ತೆ ದೊಡ್ಡ ಸ್ಪರ್ಧೆ ಗೆದ್ದು, ತನ್ನದೇ ಗೆಲುವುಗಳ ದಾಖಲೆಯನ್ನು ಇನ್ನಷ್ಟು ಮೇಲಕ್ಕೆ ಒಯ್ದ ಸುದ್ದಿ ಬಂತು. ಜೇವರ್ಗಿಯಿಂದ ದೊಡ್ಡಪ್ಪನಿಗೆ ಕಾರ್ಡು ಬರೆದೆ. ಅವನ ಉತ್ತರ ಎರಡೇ ಸಾಲು: "ಅವ ಅಲ್ಲಿ, ನಾ ಇಲ್ಲಿ. ಹೋದ ಸೋಮವಾರ ಹದಿನಾಲ್ಕು." ಆ ಕಾರ್ಡು ನನ್ನ ಹತ್ತಿರ ಇನ್ನೂ ಇದೆ.

ತೊಂಬತ್ತರ ದಶಕದ ಕೊನೆಗೆ, ಒಂದು ಬೇಸಿಗೆ ರಜೆಯಲ್ಲಿ ಕರಜಗಿಗೆ ಹೋಗಿದ್ದೆ. ಅಷ್ಟರಲ್ಲಿ ಮಾಸ್ತರು ಇರಲಿಲ್ಲ. ಮನೆಮನೆಗೆ ಟಿವಿ ಬಂದಿತ್ತು, ಆದರೂ ಹಲಗೆ ಉಳಿದಿತ್ತು. ದೊಡ್ಡಪ್ಪ ಉಳಿಸಿದ್ದ. ಅದನ್ನು ಈಗ ಬರೆಯುತ್ತಿದ್ದವಳು ಅವನ ಮೊಮ್ಮಗಳು, ನಾನು ಶುರು ಮಾಡಿದಾಗಿನ ವಯಸ್ಸಿನವಳು. ಕೆಲವು ದಿನಗಳ ಹಿಂದೆ ಅಮೆರಿಕದ ಹೆಸರಾಂತ ಸ್ಪರ್ಧೆಯೊಂದರಲ್ಲಿ ತೀರ ಎಳೆಯ ಆಟಗಾರನೊಬ್ಬ ಅಲ್ಲಿಯವರೆಗಿನ ಎಲ್ಲರಿಗಿಂತ ಕಡಿಮೆ ಹೊಡೆತಗಳಲ್ಲಿ ಗೆದ್ದಿದ್ದ. ಅವಳು ಅದನ್ನು ಹಲಗೆಯ ತಲೆಯಲ್ಲೇ ಬರೆದಿದ್ದಳು. "ಕೇವಲ" ಎನ್ನುವುದು ಉಳಿದ ಅಕ್ಷರಗಳ ಎರಡರಷ್ಟು ದಪ್ಪವಾಗಿತ್ತು. ಹಾಗೆ ಬರೆಯುವುದೇ ಊರಿನ ರೂಢಿಯಾಗಿಬಿಟ್ಟಿತ್ತು.

ಹಲಗೆಯ ಕೆಳಗಿನ ಕಟ್ಟೆಯ ಮೇಲೆ ದೊಡ್ಡಪ್ಪ ಕೂತಿದ್ದ. ಎಂಬತ್ತರ ಹತ್ತಿರ, ಕೈಯಲ್ಲಿ ಅದೇ ಜಾಲಿಯ ಬಡಿಗೆ, ಈಗ ಊರುಗೋಲು. ಹೊಸದಾಗಿ ಊರಿಗೆ ಬಂದ ರಸಗೊಬ್ಬರದ ಅಂಗಡಿಯವನೊಬ್ಬ ನಿಂತು ಓದಿ, ಹುಡುಗಿಯ ಕಡೆ ನೋಡಿ ನಕ್ಕ.

"ಕಡಿಮಿ ಹೊಡದು ಗೆದ್ದಾನಂತ! ಅಜ್ಜಾರ, ಈ ಹುಡುಗಿ ಏನೋ ತಪ್ಪು ಬರದಾಳ್ರಿ. ಒರಸಾಕ ಹೇಳ್ರಿ."

ಹುಡುಗಿಯ ಮುಖ ಕೆಂಪಾಯಿತು. ನನ್ನ ಮುಷ್ಟಿ ಇಪ್ಪತ್ತು ವರ್ಷದ ಹಿಂದಿನ ಹಾಗೆ ತಾನಾಗಿ ಬಿಗಿಯಾಯಿತು. ನಾನು ಬಾಯಿ ತೆಗೆಯುವ ಮೊದಲೇ ದೊಡ್ಡಪ್ಪ ಬಡಿಗೆ ಊರಿ ಎದ್ದು ನಿಂತ. ಒಮ್ಮೆ ನನ್ನ ಕಡೆ ನೋಡಿದ.

"ಸೋಮವಾರ ಗಾಯರಾಣಕ್ಕ ಬಾ ತಮ್ಮಾ," ಎಂದ ಅವನಿಗೆ. ಆಮೇಲೆ ಮೊಮ್ಮಗಳ ಕಡೆ ತಿರುಗಿದ. "ನೀ ಖಡು ಕೆಳಗಿಡಬ್ಯಾಡ ಯವ್ವಾ."